ಬೆಡ್‌ಶೀಟಿನ ಇನ್ನೊಂದು ತುದಿ

ತೂಕಡಿಸುವ ಮಕ್ಕಳನ್ನು ಎಬ್ಬಿಸುವುದರಲ್ಲಿ ಆರನೇ ತರಗತಿಯ ಟೀಚರ್ ಎತ್ತಿದ ಕೈ. ಬೆಕ್ಕಿನ ಹೆಜ್ಜೆ ಇಟ್ಟು ಬೆಂಚುಗಳ ನಡುವೆ ಬಂದು ಕಿವಿಯ ಪಕ್ಕ ಒಂದೇ ಒಂದು ಚಿಟಿಕೆ. ಅಷ್ಟಕ್ಕೇ ಮಕ್ಕಳು ಬೆಚ್ಚಿ ಎದ್ದು ನಿಲ್ಲುತ್ತಿದ್ದರು, ಕೆಲವರು ಕೇಳದಿದ್ದ ಮಗ್ಗಿಯನ್ನೂ ಒಪ್ಪಿಸಿಬಿಡುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ಹೊಡೆದೂ ಹೊಡೆದೂ ಅವರಿಗೆ ಚಿಟಿಕೆ ಟೀಚರ್ ಎಂದೇ ಹೆಸರಾಗಿತ್ತು. ಆ ಹೆಸರಿನ ಬಗ್ಗೆ ಅವರಿಗೆ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು. ಪಾಠದಲ್ಲಿ ನಿದ್ದೆ ಮಾಡುವ ಮಗು ಎಂದರೆ ಪಾಠದ ಮೇಲೆ ಅಸಡ್ಡೆಯಿರುವ ಮಗು ಎಂದು ಅವರು ಖಂಡಿತವಾಗಿ ನಂಬಿದ್ದರು. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಎಂಬ ಗಾದೆಯನ್ನು ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಗಾದೆ ಸುಳ್ಳಾಗದು ನಿಜ. ಆದರೆ ಗಾದೆಯನ್ನು ತಪ್ಪು ಮಗುವಿಗೆ ಹೇಳಿಬಿಡಬಹುದು ಎನ್ನುವುದು ಅವರಿಗೆ ಹೊಳೆದದ್ದು ಬಹಳ ತಡವಾಗಿ.

ಹೆಡ್ ಮಾಸ್ಟರಿಗೆ ಬೇರೆಯದೇ ಹುಚ್ಚು. ಅವರ ಕೋಣೆಯ ಗೋಡೆಯ ಮೇಲೆ ಎರಡು ಕಂಬಗಳ ಚಾರ್ಟ್ ಇತ್ತು. ಹಸಿರು ಕಂಬ ಅನುಕೂಲಸ್ಥರ ಮಕ್ಕಳ ಅಂಕ, ಕೆಂಪು ಕಂಬ ಶಾಲೆಯ ಹಿಂದಿನ ಬಡ ಗಲ್ಲಿಗಳಿಂದ ಬರುವ ಮಕ್ಕಳದ್ದು. ಎರಡರ ನಡುವಿನ ಅಂತರವನ್ನು ಅವರು ಸ್ಕೇಲು ಇಡದೆ ಬೆರಳಿಟ್ಟು ಅಳೆಯುತ್ತಿದ್ದರು.

“ನಾಲ್ಕು ಬೆರಳು, ಮೇಡಂ” ಎಂದರು ಆ ವರ್ಷದ ಮೊದಲ ವಾರ. “ಮೂರು ವರ್ಷದಿಂದ ನಾಲ್ಕೇ. ಇಲಾಖೆಯೋರು ಬಂದ್ರೆ ಈ ಗೋಡೆ ನೋಡ್ತಾರೆ ಹೊರತು ನನ್ನ ಮುಖ ನೋಡಲ್ಲ. ಓದೋಕೆ ಬಾರದ ಹನ್ನೊಂದು ಮಕ್ಕಳನ್ನ ಆರಿಸಿದ್ದೀನಿ. ದಿನಾ ಮೊದಲ ಗಂಟೆ ಲೈಬ್ರರಿ ಕೋಣೆಯಲ್ಲಿ ನಿಮ್ಮ ಹತ್ರ. ಯಾರೂ ತೂಕಡಿಸದ ಹಾಗೆ ನೋಡ್ಕೊಳ್ಳೋಕೆ ನಿಮ್ಮನ್ನ ಬಿಟ್ರೆ ಬೇರೆ ಯಾರಿದ್ದಾರೆ?”

ಲೈಬ್ರರಿ ಎಂದರೆ ಮೂರು ಬೀರು ಪುಸ್ತಕ, ಪೂರ್ವಕ್ಕೆ ಒಂದು ದೊಡ್ಡ ಕಿಟಕಿ. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ ಆ ಕಿಟಕಿಯ ಬಿಸಿಲು ನೆಲದ ಮೇಲೆ ಹಾಲಿನ ಕೆನೆಯಂತೆ ಮೆಲ್ಲನೆ ಸರಿಯುತ್ತಿತ್ತು. ಎಚ್ಚರವಿರುವವರಿಗೂ ನಿದ್ದೆ ತರಿಸುವ ಕೋಣೆ ಅದು. ಹನ್ನೊಂದು ಮಕ್ಕಳು ಬಂದು ಕೂತರು, ಹತ್ತು ನಿಮಿಷದಲ್ಲಿ ಹತ್ತು ತಲೆಗಳು ಬೆಂಚಿಗೆ ಒರಗಿದವು. ಟೀಚರ್ ಚಿಟಿಕೆ ಹೊಡೆದರು. ಮಕ್ಕಳು ಏಳುತ್ತಿದ್ದರು, ಮತ್ತೆ ಒರಗುತ್ತಿದ್ದರು. ಎರಡು ವಾರದಲ್ಲಿ ಅವರ ಹೆಬ್ಬೆರಳು ಊದಿತೇ ವಿನಾ ಒಂದು ಸಾಲೂ ಮುಂದೆ ಹೋಗಲಿಲ್ಲ.

ಆ ಹನ್ನೊಂದರಲ್ಲಿ ಒಬ್ಬಳು ಮಾತ್ರ ಬೆನ್ನು ನೆಟ್ಟಗಿಟ್ಟು, ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದಳು. ಶಾಲೆಯಲ್ಲೆಲ್ಲ ಅವಳ ಯೂನಿಫಾರ್ಮಿನಷ್ಟು ಗರಿಗರಿಯಾದದ್ದು ಇನ್ನೊಂದಿರಲಿಲ್ಲ. ಲಂಗದ ನೆರಿಗೆ ಮುಟ್ಟಿದರೆ ಬೆರಳು ಕೊಯ್ಯುವಂತಿರುತ್ತಿತ್ತು. ಮಕ್ಕಳು ಅವಳಿಗೆ ಇಟ್ಟ ಹೆಸರು ಇಸ್ತ್ರಿ. ಅಷ್ಟು ಓರಣವಾಗಿ ಬರುವ ಹುಡುಗಿಯ ಮನೆಯಲ್ಲಿ ಕಷ್ಟವಿದ್ದೀತು ಎಂದು ಯಾವ ಟೀಚರಿಗೂ ಅನಿಸಿರಲಿಲ್ಲ. ಅವಳ ಹಳೆಯ ವರದಿಗಳಲ್ಲಿ ಐದು ವರ್ಷವೂ ಒಂದೇ ಮಾತು ಇತ್ತು: 'ಶಿಸ್ತು ಉತ್ತಮ. ಬುದ್ಧಿ ಮಂದ.' ಆರನೇ ತರಗತಿಗೆ ಬಂದರೂ ಅವಳಿಗೆ ಒತ್ತಕ್ಷರ ಬಂದ ಕಡೆ ನಾಲಿಗೆ ನಿಂತುಹೋಗುತ್ತಿತ್ತು.

ಮೂರನೇ ವಾರದ ಒಂದು ದಿನ ಟೀಚರ್ ಅವಳ ಕಿವಿಯ ಹತ್ತಿರ ಬಗ್ಗಿ ಚಿಟಿಕೆ ಹೊಡೆದರು. ಹುಡುಗಿ ಎದ್ದಳು. ಆದರೆ ಎಚ್ಚರಾಗಲಿಲ್ಲ. ಎರಡೂ ಕೈ ಮುಂದೆ ಚಾಚಿ, ಯಾರೋ ಕೊಟ್ಟ ಏನೋ ಒಂದರ ಎರಡು ಮೂಲೆಗಳನ್ನು ಹಿಡಿದುಕೊಂಡಂತೆ ಬೆರಳು ಮುಚ್ಚಿ, ಮೂರು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಕೂಡಿಸಿದಳು. ಮೂರು ಹೆಜ್ಜೆ ಮುಂದೆ ಬಂದಳು. ಎದುರಿಗಿದ್ದ ಟೀಚರ ಕೈಗೆ ಇಲ್ಲದ ಬಟ್ಟೆಯನ್ನು ಕೊಟ್ಟು, ಬಗ್ಗಿ ಇಲ್ಲದ ಮಡಿಕೆಯನ್ನು ಎತ್ತಿಕೊಂಡು ಮತ್ತೆ ಹಿಂದೆ ಸರಿದಳು.

ಎಚ್ಚರವಿದ್ದ ಇಬ್ಬರು ಮಕ್ಕಳು ಕಿಸಕ್ಕೆಂದರು. ಟೀಚರ್ ನಗಲಿಲ್ಲ. ಮತ್ತೊಂದು ಚಿಟಿಕೆಗೆಂದು ಎತ್ತಿದ್ದ ಅವರ ಕೈ ಹಾಗೇ ನಿಂತಿತು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಟೀಚರ್ ಹಿಂದಿನ ಗಲ್ಲಿಗೆ ಹೋದರು. ಹುಡುಗಿಯ ಅಮ್ಮ ಲಾಡ್ಜುಗಳ ಬಟ್ಟೆ ಒಗೆಯುವ ಲಾಂಡ್ರಿ ನಡೆಸುತ್ತಿದ್ದಳು. ಒಂದೇ ಕೋಣೆ, ಗೋಡೆಗೆ ಒತ್ತಿ ಎರಡು ಮಷೀನು, ಮೂಲೆಯಲ್ಲಿ ಇಸ್ತ್ರಿ ಮೇಜು, ಅದರ ಕೆಳಗೇ ಮಗಳ ಹಾಸಿಗೆ. ಸೋಪು, ಹಬೆ, ಬಿಸಿ ಬಟ್ಟೆಯ ವಾಸನೆ. ಅಮ್ಮನ ಕೈಯಲ್ಲಿ ದೊಡ್ಡದೊಂದು ಬಿಳಿ ಬೆಡ್‌ಶೀಟು ಇತ್ತು. ಬಂದವರು ಯಾರೆಂದು ಕೇಳುವ ಮೊದಲೇ ಅವಳು ಅದರ ಎರಡು ಮೂಲೆಗಳನ್ನು ಟೀಚರ ಕೈಗೆ ಕೊಟ್ಟಳು.

“ಹಿಡ್ಕೊಳ್ಳಿ. ಹಾಗೇ ಹಿಂದೆ ಹೋಗಿ. ಎಳೀರಿ, ಸುಕ್ಕು ಉಳಿಬಾರದು.”

ಟೀಚರ್ ಹಿಂದೆ ಹೋದರು, ಎಳೆದರು. ಇಬ್ಬರೂ ಮೂಲೆ ಕೂಡಿಸಿ ನಡೆದು ಬಂದರು, ಮತ್ತೆ ಸರಿದರು, ಮತ್ತೆ ಬಂದರು. ನಾಲ್ಕನೇ ಮಡಿಕೆಗೆ ಇಬ್ಬರ ಮುಖ ಎದುರುಬದುರಾದವು. ಗಂಡ ತೀರಿಹೋದ ಒಂದೂವರೆ ವರ್ಷದಿಂದ ಟೀಚರ್ ಮನೆಯ ಬೆಡ್‌ಶೀಟನ್ನು ಗಲ್ಲದಡಿ ಒತ್ತಿಕೊಂಡು ಒಬ್ಬರೇ ಮಡಚುತ್ತಿದ್ದರು. ಅದು ಇಬ್ಬರ ಕೆಲಸ ಎನ್ನುವುದೇ ಮರೆತುಹೋಗಿತ್ತು. ರಾತ್ರಿ ನಿದ್ದೆಯೂ ಅಷ್ಟಕ್ಕಷ್ಟೇ ಆಗಿತ್ತು.

“ನಾನು ನಿಮ್ಮ ಮಗಳ ಟೀಚರ್” ಎಂದರು.

“ಗೊತ್ತಾಯ್ತು. ಚಿಟಿಕೆ ಟೀಚರ್ ಅಲ್ವಾ?” ಅಮ್ಮ ಇನ್ನೊಂದು ಬೆಡ್‌ಶೀಟು ತೆಗೆದಳು. “ಏನು ತಪ್ಪು ಮಾಡಿದ್ಲು?”

“ತಪ್ಪೇನಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತಾಳೆ?”

“ನಾಲ್ಕಕ್ಕೆ. ಏಳು ಗಂಟೆ ಅಷ್ಟೊತ್ತಿಗೆ ಲಾಡ್ಜಿಗೆ ತಲುಪಬೇಕಲ್ಲ. ಒಗೆಯೋದು ಮಷೀನು, ಇಸ್ತ್ರಿ ಮಾಡೋದು ನಾನು. ಮಡಚೋಕೆ ಮಾತ್ರ ಇಬ್ಬರು ಬೇಕು. ಮಷೀನು ಓಡ್ತಿದ್ರೆ ಆ ಗಲಾಟೆಯಲ್ಲೂ ಮಲಗಿರ್ತಾಳೆ ನೋಡಿ, ನಿಂತ ತಕ್ಷಣ ತಾನೇ ಎದ್ಬಿಡ್ತಾಳೆ. ನಾನು ಕರೆಯೋದೇ ಬೇಡ.”

“ಇನ್ನೊಂದೆರಡು ಗಂಟೆ ಮಲಗೋಕೆ ಬಿಡಬಹುದಲ್ವಾ?”

“ಬಿಡಬಹುದು.” ಅಮ್ಮನ ದನಿಯಲ್ಲಿ ಕೋಪವಿರಲಿಲ್ಲ. “ಇನ್ನೊಂದು ತುದಿ ಯಾರು ಹಿಡೀತಾರೆ?”

ಟೀಚರ್ ತಮ್ಮ ಕಡೆಯ ಎರಡು ಮೂಲೆ ಹಿಡಿದು ಹಿಂದೆ ಸರಿದರು.

“ನಾನೂ ಕಲ್ಲುಮನಸ್ಸಿನೋಳಲ್ಲ ಟೀಚರಮ್ಮ” ಎಂದಳು ಅಮ್ಮ. “ಆದ್ರೆ ಎರಡು ದೋಣಿ ಮೇಲೆ ಕಾಲಿಟ್ಟು ಎಷ್ಟು ದಿನ ಅಂತ? ಅಲ್ಲಿ ಓದೂ ಹತ್ತಲ್ಲ, ಇಲ್ಲಿ ನಿದ್ದೇನೂ ಇಲ್ಲ. ಈ ವರ್ಷ ಇಲಾಖೆಯೋರ ಓದಿನ ಪರೀಕ್ಷೆ ಇದೆಯಂತಲ್ಲ. ಅದರಲ್ಲಿ ಓದಿದ್ರೆ ಸರಿ. ಓದದೇ ಇದ್ರೆ ಶಾಲೆ ಬಿಡಿಸ್ತೀನಿ, ಇಲ್ಲೇ ಇರ್ಲಿ. ಮಧ್ಯಾಹ್ನವಾದ್ರೂ ಮಲಗ್ತಾಳೆ.”

ಹೊರಡುವಾಗ ಟೀಚರ್ ಮೂಲೆಯಲ್ಲಿ ಬಿದ್ದಿದ್ದ, ಲಾಡ್ಜಿನವರು ಬೇಡವೆಂದ ಹಳೆಯ ಬೆಡ್‌ಶೀಟುಗಳನ್ನು ಕೇಳಿ ತೆಗೆದುಕೊಂಡರು. ಯಾಕೆಂದು ಅಮ್ಮ ಕೇಳಲಿಲ್ಲ. ಹನ್ನೊಂದು ಎಣಿಸಿ, ಇಸ್ತ್ರಿ ಮಾಡಿಯೇ ಕೊಟ್ಟಳು.

ಮರುದಿನ ಲೈಬ್ರರಿಯ ಬೆಂಚುಗಳು ಗೋಡೆಗೆ ಸರಿದವು. ನೆಲದ ಮೇಲೆ ಬೆಡ್‌ಶೀಟುಗಳು, ಬಾಗಿಲಾಚೆ ಬೂಟುಗಳ ಸಾಲು.

“ಅರ್ಧ ಗಂಟೆ ಮಲಗಿ” ಎಂದರು ಟೀಚರ್. “ಆಮೇಲೆ ಅರ್ಧ ಗಂಟೆ ಓದು. ಓದುವಾಗ ತೂಕಡಿಸಿದ್ರೆ ನನ್ನ ಕೈ ನಿಮಗೆ ಗೊತ್ತು.”

ಮಕ್ಕಳು ಮುಖ ಮುಖ ನೋಡಿಕೊಂಡರು. ಇದೇನೋ ಹೊಸ ಬಗೆಯ ಶಿಕ್ಷೆ ಇರಬೇಕೆಂದು ಅಂಜುತ್ತಲೇ ಮಲಗಿದರು. ಹಸಿದವನಿಗೆ ರುಚಿ ಬೇಡ, ನಿದ್ದೆ ಬಂದವನಿಗೆ ಹಾಸಿಗೆ ಬೇಡ. ಎರಡು ನಿಮಿಷದಲ್ಲಿ ಕೋಣೆ ಉಸಿರಾಟದಿಂದ ತುಂಬಿತು.

ಟೀಚರಿಗೆ ಒಂದೇ ತೊಡಕು. ದಿನಚರಿ ಪುಸ್ತಕದಲ್ಲಿ 'ಒಂಬತ್ತರಿಂದ ಹತ್ತು: ಪಾಠ' ಎಂದು ಬರೆಯಬೇಕು. ಮಾಡದ ಪಾಠವನ್ನು ಮಾಡಿದೆ ಎಂದು ಅವರು ಜನ್ಮದಲ್ಲಿ ಬರೆದವರಲ್ಲ. ಹಾಗಾಗಿ ಕುರ್ಚಿಯಲ್ಲಿ ಕೂತು, ನಿದ್ದೆ ಮಾಡುವ ಮಕ್ಕಳಿಗೇ ಮೆಲುದನಿಯಲ್ಲಿ ಪಾಠ ಓದತೊಡಗಿದರು. ಎದ್ದ ಮೇಲೆ ಅದೇ ಪಾಠವನ್ನು ಮಕ್ಕಳು ಓದಬೇಕು. ಪಾಠ ತಿಮಿಂಗಿಲಗಳದ್ದು.

“ಕಡಲಿನ ಆಳದಲ್ಲಿ ಕೆಲವು ತಿಮಿಂಗಿಲಗಳು ನೆಟ್ಟಗೆ ನಿಂತು ನಿದ್ರಿಸುತ್ತವೆ. ಒಂದರ ಪಕ್ಕ ಒಂದು, ಅಲುಗಾಡದ ಕಂಬಗಳಂತೆ. ಹತ್ತು ಹದಿನೈದು ನಿಮಿಷಗಳ ನಂತರ ಉಸಿರಿಗಾಗಿ ಮೇಲೇಳುತ್ತವೆ.”

ಹೆಡ್ ಮಾಸ್ಟರು ನಾಲ್ಕನೇ ದಿನವೇ ಬಾಗಿಲಲ್ಲಿ ಪ್ರತ್ಯಕ್ಷರಾದರು. ಬೂಟುಗಳ ಸಾಲು ನೋಡಿದರು, ಮಲಗಿದ ಮಕ್ಕಳನ್ನು ನೋಡಿದರು, ಓದುತ್ತಿದ್ದ ಟೀಚರನ್ನು ನೋಡಿದರು.

“ಇದೇನು ಮೇಡಂ, ಕೋಣನ ಮುಂದೆ ಕಿನ್ನರಿ?”

“ಮೆಲ್ಲಗೆ ಮಾತಾಡಿ ಸಾರ್. ಎದ್ದಮೇಲೆ ಓದ್ತಾರೆ, ಕೂತು ಕೇಳಿ ಬೇಕಾದ್ರೆ.”

ಅವರು ಕೂತರು. ಮಕ್ಕಳು ಎದ್ದು ಮುಖ ತೊಳೆದು ಬಂದು ಓದಿದರು. ಚೆನ್ನಾಗಿಯೇನೂ ಓದಲಿಲ್ಲ, ಆದರೆ ಕಣ್ಣು ಅಕ್ಷರದ ಮೇಲಿತ್ತು. ಹೆಡ್ ಮಾಸ್ಟರು ಕನ್ನಡಕ ಒರೆಸಿಕೊಂಡರು. “ಪರೀಕ್ಷೆವರೆಗೆ ನಾನು ಏನೂ ನೋಡಿಲ್ಲ” ಎಂದರು. “ನಾಲ್ಕು ಬೆರಳು ಐದಾದ್ರೆ ಮಾತ್ರ ನಾನು ನೋಡಿದ್ದೆ ಅಂತ ಹೇಳ್ತೀನಿ.”

ಹೀಗೆ ತಿಂಗಳುಗಳು ಕಳೆದವು. ಆ ಅರ್ಧ ಗಂಟೆಯಲ್ಲಿ ಇಡೀ ಶಾಲೆಯ ಸದ್ದು ನೀರಿನಾಚೆಯಿಂದ ಬಂದಂತೆ ಕೇಳಿಸುತ್ತಿತ್ತು. ಎಲ್ಲೋ ಮಗ್ಗಿ, ಎಲ್ಲೋ ಗಂಟೆ, ಎಲ್ಲೋ ಚೆಂಡಿನ ಸದ್ದು. ಬಿಸಿಲು ಒಂದು ಮಗುವಿನ ಪಾದದಿಂದ ಇನ್ನೊಂದರ ಕೈಗೆ ದಾಟುತ್ತಿತ್ತು. ಹಾಲು ಹಂಚಿ ಬಂದವನು, ತಂಗಿಯನ್ನು ಎತ್ತಿಕೊಂಡು ರಾತ್ರಿ ಕಳೆದವಳು, ಮಾರುಕಟ್ಟೆಯಲ್ಲಿ ಮೂಟೆ ಬಿಚ್ಚಿ ಬಂದವನು, ಎಲ್ಲರೂ ಒಂದೇ ಉಸಿರಿನಲ್ಲಿ ಏರಿ ಇಳಿಯುತ್ತಿದ್ದರು. ಎದ್ದಮೇಲೆ ಕನಸಿನಲ್ಲಿ ತಿಮಿಂಗಿಲ ಕಂಡಿತೆಂದು ಒಬ್ಬ ಹೇಳಿದರೆ, ತನ್ನ ಕನಸಿನದು ಅದಕ್ಕಿಂತ ದೊಡ್ಡದೆಂದು ಇನ್ನೊಬ್ಬ. ಇಸ್ತ್ರಿ ಮಾತ್ರ ಕನಸು ಹೇಳುತ್ತಿರಲಿಲ್ಲ. ಎದ್ದು, ಬೆಡ್‌ಶೀಟಿನ ಇನ್ನೊಂದು ತುದಿಯನ್ನು ಟೀಚರಿಗೆ ಕೊಟ್ಟು, ಹನ್ನೊಂದನ್ನೂ ಮಡಚಿಟ್ಟ ಮೇಲೆಯೇ ಪುಸ್ತಕ ಮುಟ್ಟುತ್ತಿದ್ದಳು. ಮಡಚುತ್ತ ಮಡಚುತ್ತ ಟೀಚರ್ ಒಂದೊಂದು ಒತ್ತಕ್ಷರ ಕೇಳುವರು, ನಡೆದು ಹತ್ತಿರ ಬರುವಷ್ಟರಲ್ಲಿ ಅವಳು ಉತ್ತರ ಹೇಳುವಳು. ಚಳಿಗಾಲದ ನಡುಭಾಗದ ಹೊತ್ತಿಗೆ ಅವಳು ಒಂದು ಪುಟ ತಡವರಿಸುತ್ತ ಓದಿ ಮುಗಿಸಿದಳು. ಟೀಚರ್ ಅಂದು ಮನೆಗೆ ಹೋಗುವಾಗ ದಾರಿಯುದ್ದಕ್ಕೂ ತಮ್ಮಷ್ಟಕ್ಕೆ ನಗುತ್ತಿದ್ದರು. ಜೊತೆಗೆ ಇಪ್ಪತ್ತೆರಡು ವರ್ಷದ ಚಿಟಿಕೆಗಳು ನೆನಪಾಗಿ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು.

ಪರೀಕ್ಷೆಗೆ ಇನ್ನೂ ಒಂದು ವಾರವಿತ್ತು. ಹಿಂದಿನ ರಾತ್ರಿ ಟೀಚರಿಗೆ ಎಂದಿನಂತೆ ನಿದ್ದೆ ಹತ್ತಿರಲಿಲ್ಲ. ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಪರೀಕ್ಷೆಗೆಂದು ತಿಮಿಂಗಿಲದ ಪಾಠವನ್ನೇ ಮತ್ತೆ ಓದುತ್ತಿದ್ದರು, ಬಿಸಿಲು ಅವರ ಮಡಿಲಿಗೆ ಬಂದಿತ್ತು. 'ಒಂದರ ಪಕ್ಕ ಒಂದು' ಎಂಬಲ್ಲಿಗೆ ಬಂದಾಗ ಅಕ್ಷರಗಳು ನೀರಿಗಿಳಿದವು. ಅವುಗಳ ಹಿಂದೆಯೇ ಅವರೂ ಇಳಿದರು. ಅಲ್ಲಿ ತಂಪಾಗಿತ್ತು. ಸುತ್ತ ಬಿಳಿ ತಿಮಿಂಗಿಲಗಳು ನಿಂತು ಮಲಗಿದ್ದವು, ಎಲ್ಲವೂ ಆಗಷ್ಟೇ ಇಸ್ತ್ರಿ ಮಾಡಿದಂತೆ ನುಣುಪು. ಎಲ್ಲೋ ಒಂದು ಸಣ್ಣ ದನಿ ಓದುತ್ತಿತ್ತು. “ಉಸಿರಿಗಾಗಿ ಮೇ... ಮೇಲೇಳುತ್ತವೆ. ಮರಿಗಳನ್ನು ನಡುವೆ ಇಟ್ಟುಕೊಂಡು ದೊಡ್ಡವು ಸುತ್ತ ನಿಲ್ಲುತ್ತವೆ.” ದನಿ ಒತ್ತಕ್ಷರದ ಹತ್ತಿರ ಒಂದು ಗಳಿಗೆ ನಿಂತು, ಎಳೆದು, ಸುಕ್ಕು ಬಿಡಿಸಿ ಮುಂದೆ ಹೋಗುತ್ತಿತ್ತು. ಎಷ್ಟು ಚೆನ್ನಾಗಿ ಓದುತ್ತಿದೆ ಈ ಮಗು ಎಂದುಕೊಂಡರು ಟೀಚರ್. ಆಮೇಲೆ, ಯಾವ ಮಗು ಎಂದುಕೊಂಡರು. ಕಣ್ಣು ತೆರೆದರು.

ಪುಸ್ತಕ ಅವರ ಮಡಿಲಲ್ಲಿರಲಿಲ್ಲ. ಇಸ್ತ್ರಿ ಅವರ ಕಾಲ ಬಳಿ ಕೂತು ಅದನ್ನು ಓದುತ್ತಿದ್ದಳು. ಹತ್ತು ಮಕ್ಕಳು ಇನ್ನೂ ಮಲಗಿದ್ದರು. ಅವರ ನಡುವೆ, ಖಾಲಿಯಿದ್ದ ಹನ್ನೊಂದನೇ ಬೆಡ್‌ಶೀಟಿನ ಮೇಲೆ, ಬರೀ ಸಾಕ್ಸಿನಲ್ಲಿ ಇಲಾಖೆಯ ತಪಾಸಣಾಧಿಕಾರಿ ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದರು.

ನಡೆದದ್ದನ್ನು ಆಮೇಲೆ ಅವರೇ ಹೇಳಿದರು. ಹೇಳದೆ ಕೇಳದೆ ತಪಾಸಣೆಗೆಂದು ಬಾಗಿಲಿಗೆ ಬಂದಿದ್ದರು. ಟೀಚರ ದನಿ ನಿಂತ ಕೂಡಲೇ, ಮಷೀನು ನಿಂತರೆ ಏಳುವ ಹುಡುಗಿ ಎದ್ದಳಂತೆ. ಸುತ್ತ ನೋಡಿ, ಪುಸ್ತಕ ತೆಗೆದುಕೊಂಡು ಬಿಟ್ಟ ಸಾಲಿನಿಂದಲೇ ಶುರು ಮಾಡಿದಳಂತೆ. ಅಧಿಕಾರಿ ಕೆಮ್ಮಿದಾಗ ಬಾಯಿ ಮೇಲೆ ಬೆರಳಿಟ್ಟು, “ಟೀಚರ್ ಮಲಗಿದ್ದಾರೆ. ಬೂಟು ಅಲ್ಲೇ ಬಿಡಿ” ಎಂದಳಂತೆ.

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲ ಮೇಡಂ” ಎಂದರು ಅಧಿಕಾರಿ, ಮೆಲ್ಲಗೆ. “ನಾನು ಏನಂತ ಬರೀಲಿ?”

ಟೀಚರ ಮುಖ ಕೆಂಪಾಗಿತ್ತು. ದಿನಚರಿ ಪುಸ್ತಕ ತೆಗೆದು ತಾವೇ ಬರೆದರು: 'ಒಂಬತ್ತು ಇಪ್ಪತ್ತರಿಂದ ಒಂಬತ್ತು ಮೂವತ್ತೈದು: ಟೀಚರ್ ನಿದ್ದೆ. ಪಾಠ ನಿಂತಿಲ್ಲ.' ಕೆಳಗೆ ಸಹಿ ಹಾಕಿದರು.

ಅಧಿಕಾರಿ ಅದನ್ನು ಎರಡು ಸಲ ಓದಿದರು. “ಹುಡುಗಿಗೆ ಇನ್ನು ಬೇರೆ ಪರೀಕ್ಷೆ ಬೇಡ” ಎಂದರು. “ಆದ್ರೆ ನಾನು ಕೇಳಿದ್ದೂ ಬರೀಬೇಕು, ನೋಡಿದ್ದೂ ಬರೀಬೇಕು. ಬೇಜಾರು ಮಾಡ್ಕೋಬೇಡಿ.”

ಮೂರು ದಿನದ ಮೇಲೆ ಬಂದ ಕಾಗದದಲ್ಲಿ ಎರಡೂ ಇದ್ದವು. ಹೆಡ್ ಮಾಸ್ಟರು ಮೂರು ಸಲ ಓದಿ, ಕನ್ನಡಕ ತೆಗೆದು, ಹಾಕಿಕೊಂಡು ಮತ್ತೆ ಓದಿದರು. “ಮಲಗಿಸಬಾರದು ಅನ್ನೋದು ತರಗತಿಯ ಅವಧಿಯಲ್ಲಿ ಅಂತ ಇದೆ ಮೇಡಂ. ಊಟದ ಬಿಡುವು ತರಗತಿಯ ಅವಧಿ ಅಲ್ಲ. ಬೆಡ್‌ಶೀಟುಗಳನ್ನ ಎಸೀಬೇಡಿ.” ಊಟದ ಬಿಡುವು ಅರ್ಧ ಗಂಟೆ, ಉಂಡ ಮೇಲೆ ಉಳಿಯುವುದು ಹತ್ತೋ ಹದಿನೈದೋ ನಿಮಿಷ. ಟೀಚರಿಗೆ ನಗುವೂ ಬಂತು, ಅಳುವೂ ಬಂತು.

ಅವರು ಕಾಗದದ ಪ್ರತಿ ಹಿಡಿದು ಲಾಂಡ್ರಿಗೆ ಹೋದರು. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಟೀಚರ್ ಓದಲು ಬಾಯಿ ತೆರೆದರೆ, ಅವಳು ಕೈ ಅಡ್ಡ ಹಿಡಿದಳು.

“ನೀವು ಬೇಡ. ಅವಳು ಓದ್ಲಿ.”

ಹುಡುಗಿ ಮಷೀನಿನ ಪಕ್ಕ ನಿಂತು ಓದಿದಳು. “ಸದರಿ ವಿದ್ಯಾರ್ಥಿನಿ ತನ್ನ ತರಗತಿಯ ಪಾಠವನ್ನು ಸ್ಪಷ್ಟವಾಗಿ ಓದುತ್ತಾಳೆ. ಈಕೆಗೆ ಮರುಪರೀಕ್ಷೆಯ ಅಗತ್ಯವಿಲ್ಲ.” ಅಮ್ಮನ ಕೈಯಲ್ಲಿದ್ದ ಬಟ್ಟೆ ಅಲುಗಲಿಲ್ಲ. ಹುಡುಗಿ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋದಳು. ಅಲ್ಲಿ ಒತ್ತಕ್ಷರಗಳು ಹೆಚ್ಚಿದ್ದವು, ಒಂದನ್ನೂ ಬಿಡಲಿಲ್ಲ. “ತರಗತಿಯ ಅವಧಿಯಲ್ಲಿ ಮಕ್ಕಳನ್ನು ನಿದ್ರಿಸಲು ಬಿಡುವ ಪದ್ಧತಿಯನ್ನು ಸೋಮವಾರದಿಂದ ನಿಲ್ಲಿಸತಕ್ಕದ್ದು.” ಓದಿ ಮುಗಿಸಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟೀಚರಿಗೆ ಕೊಟ್ಟಳು.

“ಅಂದ್ರೆ ಇನ್ನು ಅಲ್ಲೂ ನಿದ್ದೆ ಇಲ್ಲ” ಎಂದಳು ಅಮ್ಮ.

ಓದು ಬಂತು, ಶಾಲೆ ಉಳಿಯಿತು. ಆದರೆ ನಾಲ್ಕು ಗಂಟೆಗೆ ಎದ್ದು ಬರುವ ಮಗುವಿಗೆ ಆ ಓದು ಇನ್ನೆಷ್ಟು ದಿನ ಉಳಿದೀತು ಎಂದು ಮೂವರಿಗೂ ಗೊತ್ತಿತ್ತು. ಅಮ್ಮ ಬೆಡ್‌ಶೀಟಿನ ಮೂಲೆಗಳನ್ನು ಎತ್ತಿದಳು, ಅಭ್ಯಾಸದಂತೆ ಮಗಳು ಇನ್ನೆರಡು ಹಿಡಿದಳು. ಟೀಚರ್ ಹೊರಟರು. ಬಾಗಿಲಲ್ಲಿ ತಿರುಗಿ ನೋಡಿದಾಗ ಅಮ್ಮ ಬಟ್ಟೆ ನೋಡುತ್ತಿರಲಿಲ್ಲ, ಮಗಳ ಹಿಂದಿದ್ದ ಗೋಡೆಯನ್ನು ನೋಡುತ್ತಿದ್ದಳು.

ಸೋಮವಾರ ಲೈಬ್ರರಿಯಲ್ಲಿ ಬೆಂಚುಗಳು ಮತ್ತೆ ನಡುವಿಗೆ ಬಂದಿದ್ದವು. ಹತ್ತು ಮಕ್ಕಳು ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದರು. ಟೀಚರ್ ಚಿಟಿಕೆ ಹೊಡೆಯಲಿಲ್ಲ, ಒಬ್ಬೊಬ್ಬರನ್ನೂ ಹೆಗಲು ಮುಟ್ಟಿ ಎಬ್ಬಿಸುತ್ತಿದ್ದರು. ಇಸ್ತ್ರಿಯ ಜಾಗ ಖಾಲಿ. ಒಂಬತ್ತು ಐದಾಯಿತು, ಒಂಬತ್ತು ಹತ್ತಾಯಿತು. ಅಮ್ಮ ಮನಸ್ಸು ಬದಲಾಯಿಸಿ ಶಾಲೆ ಬಿಡಿಸಿಯೇಬಿಟ್ಟಳೇನೋ ಎಂದು ಟೀಚರ್ ಮತ್ತೆ ಮತ್ತೆ ಬಾಗಿಲ ಕಡೆ ನೋಡಿದರು.

ಬಾಗಿಲಲ್ಲಿ ಓಡಿಬಂದ ಸದ್ದು. ಹುಡುಗಿ ಏದುಸಿರು ಬಿಡುತ್ತ ನಿಂತಿದ್ದಳು. ಟೀಚರಿಗೆ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಲಂಗದಲ್ಲಿ ಒಂದು ನೆರಿಗೆಯೂ ಇರಲಿಲ್ಲ. ಅಂಗಿ ರಾತ್ರಿಯೆಲ್ಲ ಯಾರೋ ಮುದ್ದೆಮಾಡಿ ತಲೆಗಿಟ್ಟುಕೊಂಡಂತೆ ಮುದುರಿತ್ತು. ಎಡಗೆನ್ನೆಯ ಮೇಲೆ ದಿಂಬಿನ ಗುರುತು ಉದ್ದಕ್ಕೆ ಕೆಂಪಾಗಿ ಮೂಡಿತ್ತು.

“ಅಮ್ಮ ಎಬ್ಬಿಸಲೇ ಇಲ್ಲ ಟೀಚರ್” ಎಂದಳು. “ಗೋಡೆಗೆ ಎರಡು ಕೊಕ್ಕೆ ಹೊಡೆದಿದ್ದಾಳೆ. ಆ ತುದಿ ಅದಕ್ಕೆ ಸಿಕ್ಕಿಸಿ ಒಬ್ಬಳೇ ಮಡಚ್ತಾಳಂತೆ. ನಾನು ಎದ್ದಾಗ ಎಂಟೂವರೆ. ಇಸ್ತ್ರಿಗೆ ಹೊತ್ತಿರಲಿಲ್ಲ.”

“ಮಷೀನು ನಿಂತಾಗ ಎಚ್ಚರ ಆಗ್ಲಿಲ್ವಾ?”

“ನಿಲ್ಲಿಸಲೇ ಇಲ್ಲ. ಬಟ್ಟೆ ಮುಗಿದ ಮೇಲೂ ಖಾಲಿ ಮಷೀನು ಓಡಿಸ್ತಾ ಇದ್ಲಂತೆ.”

ಸುಕ್ಕಾದ ಯೂನಿಫಾರ್ಮಿಗೆ ಚಿಟಿಕೆ ಟೀಚರ್ ಕೊಡುವ ಶಿಕ್ಷೆ ಇಡೀ ಶಾಲೆಗೆ ಗೊತ್ತಿತ್ತು. ಹತ್ತು ಮಕ್ಕಳೂ ತೂಕಡಿಕೆ ಬಿಟ್ಟು ಕಾದರು. ಟೀಚರ್ ಹತ್ತಿರ ಹೋಗಿ ಆ ಮುದುರಿದ ಕಾಲರನ್ನು ಮುಟ್ಟಿದರು. ಸರಿಮಾಡಲು ಹೋದ ಬೆರಳುಗಳು ಸರಿಮಾಡದೆ ಹಾಗೇ ಬಿಟ್ಟವು. ಕಣ್ಣು ತುಂಬಿ ಬಂದದ್ದನ್ನು ಮಕ್ಕಳಿಂದ ಮುಚ್ಚಿಡಲೂ ಇಲ್ಲ.

“ಹೋಗು, ಕೂತ್ಕೋ” ಎಂದು ಪುಸ್ತಕ ತೆರೆದು, ಅಭ್ಯಾಸದಂತೆ ಮೆಲುದನಿಯಲ್ಲಿ ಓದತೊಡಗಿದರು.

“ಜೋರಾಗಿ ಓದಿ ಟೀಚರ್” ಎಂದಳು ಹುಡುಗಿ. “ನಾನು ಎದ್ದಿದ್ದೀನಿ.”